ಸ್ವಿಸ್ ಮೇಷ್ಟ್ರು ಸರಿ ಮಾಡಿದ ಬಳೆ

ಬಂದರಿನ ಗೇಟಿಗೆ ಎದುರಾಗಿ, ಹಗ್ಗ ಮಾರುವ ಅಂಗಡಿಗೂ ಚಹಾದ ಅಂಗಡಿಗೂ ನಡುವೆ, ಒಂದು ಗಡಿಯಾರ ರಿಪೇರಿ ಅಂಗಡಿಯಿತ್ತು. ಒಬ್ಬ ಗಿರಾಕಿ ಒಳಗೆ ನಿಂತರೆ ಎರಡನೆಯವನು ಬೀದಿಯಲ್ಲೇ ಕಾಯಬೇಕಾದಷ್ಟು ಅಗಲ. ಬೋರ್ಡು ಮಾತ್ರ ಅಂಗಡಿಗಿಂತ ಒಂದು ಗೇಣು ಹೆಚ್ಚೇ ಇತ್ತು. 'ಸ್ವಿಸ್ ವಾಚ್ ತಜ್ಞರು' ಎಂದು ಅದರ ಮೇಲೆ ಬರೆದಿತ್ತು. ಬೋರ್ಡಿನಲ್ಲಿ ಬಹುವಚನ, ಒಳಗೆ ಇದ್ದದ್ದು ಒಬ್ಬರೇ. ಕೇಳಿದರೆ "ಅದು ಗೌರವಕ್ಕೆ" ಎನ್ನುತ್ತಿದ್ದರು. ಗೌರವ ಕೊಟ್ಟವರು ಯಾರು ಅಂದರೆ, ಬೋರ್ಡು ಬರೆಸಿದವರು. ಅಂದರೆ ಅವರೇ.

ಅವರು ಸ್ವಿಟ್ಜರ್ಲೆಂಡ್ ನೋಡಿದ್ದು ಗೋಡೆಯ ಕ್ಯಾಲೆಂಡರಿನಲ್ಲಿ. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಆದರೂ ಬಂದರಿಗೆಲ್ಲ ಅವರು 'ಸ್ವಿಸ್ ಮೇಷ್ಟ್ರು'. ಬ್ಯಾಟರಿ ಹಾಕಿಸಲು ಬಂದವನಿಗೂ ಅರ್ಧ ಗಂಟೆ ಗಡಿಯಾರದ ಚರಿತ್ರೆ ಹೇಳದೆ ಬಿಡುತ್ತಿರಲಿಲ್ಲವಾದ್ದರಿಂದ ಆ ಹೆಸರು ಬಂದಿತ್ತು. ಕೆಲಸ ಎರಡು ನಿಮಿಷದ್ದು, ಪಾಠ ಮೂವತ್ತು ನಿಮಿಷದ್ದು. ಅವಸರವಿದ್ದವರು ಗಡಿಯಾರ ಕೆಟ್ಟರೂ ಚಿಂತೆಯಿಲ್ಲ ಎಂದು ಸೂರ್ಯನನ್ನು ನೋಡಿಕೊಂಡು ಕಾಲ ಹಾಕುತ್ತಿದ್ದರು. ಮೇಷ್ಟ್ರು ಮದುವೆಯಾಗಿರಲಿಲ್ಲ. "ಟೈಮ್ ಸಿಗಲಿಲ್ಲ" ಎನ್ನುತ್ತಿದ್ದರು. ಚಹಾದ ಅಂಗಡಿಯವನು "ಹೆಣ್ಣು ನೋಡೋಕೆ ಹೋದಾಗ ಪಾಠ ಶುರು ಮಾಡಿರ್ತಾರೆ, ಅವರು ಬಾಗಿಲು ಹಾಕ್ಕೊಂಡಿರ್ತಾರೆ" ಎನ್ನುತ್ತಿದ್ದ.

ಅವರ ಪಾಠಗಳಲ್ಲೆಲ್ಲ ಮೇಲಾದದ್ದು ಡೈವಿಂಗ್ ವಾಚಿನದು. ನೀರಿನಡಿ ಕೆಲಸ ಮಾಡುವವರ ಆ ಗಡಿಯಾರದ ಕಥೆ ಹೇಳುವಾಗ ಮೇಷ್ಟ್ರು ಕಣ್ಣಿನ ಐಗ್ಲಾಸನ್ನು ಹಣೆಗೇರಿಸಿ, ಚಿಮಟವನ್ನು ಬೆತ್ತದಂತೆ ಹಿಡಿಯುತ್ತಿದ್ದರು.

"ಸ್ವಿಟ್ಜರ್ಲೆಂಡಲ್ಲಿ ಸಮುದ್ರ ಇದೆಯೇನ್ರೀ? ಇಲ್ಲ. ಬರೀ ಬೆಟ್ಟ. ಸಮುದ್ರ ಇಲ್ಲದವರು ಸಮುದ್ರಕ್ಕೆ ಗಡಿಯಾರ ಮಾಡಿದ್ರು, ಯಾಕೆ? ಕೇಳಿ. ಐವತ್ತರ ದಶಕ. ಗಡಿಯಾರದ ಕಾರ್ಖಾನೆಯ ಒಬ್ಬ ಯಜಮಾನ ರಜಾ ಹಾಕಿ ಸಮುದ್ರಕ್ಕೆ ಹೋದ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಕೊಂಡು ಮುಳುಗಿದ. ಮೀನು ನೋಡ್ತಾ ನೋಡ್ತಾ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ಗಾಳಿ ಮುಗೀತು. ಹೆಣ ಆಗೋದು ಕೂದಲೆಳೆಯಲ್ಲಿ ತಪ್ತು. ಮೇಲೆ ಬಂದವನು ಡಾಕ್ಟರನ್ನ ಕರೀರಿ ಅಂದ್ನಾ? ಹೆಂಡ್ತೀನ ಕರೀರಿ ಅಂದ್ನಾ? 'ಟೈಮ್ ಎಷ್ಟಾಯ್ತು?' ಅಂದ!"

"ಹೆಂಡ್ತಿ ಏನಂದ್ಲು ಮೇಷ್ಟ್ರೇ?"

"ಚರಿತ್ರೆಯಲ್ಲಿ ಅದಿಲ್ಲ."

ಆಮೇಲೆ ನೀರು ಒಳಹೋಗದಂತೆ ತಿರುಪಿ ಬಿಗಿಯುವ ಕೀಲಿ, ರಬ್ಬರಿನ ಉಂಗುರ, ಕತ್ತಲಲ್ಲಿ ಹೊಳೆಯುವ ಮುಳ್ಳು, ಎಲ್ಲವೂ ಒಂದೊಂದಾಗಿ ಬರುತ್ತಿದ್ದವು. ಈ ಜ್ಞಾನದ ಮೂಲ ಒಂದು ಪುಟ್ಟ ಪುಸ್ತಕ. ಗಡಿಯಾರದ ಡಬ್ಬಿಯಲ್ಲಿ ಬಂದದ್ದು. ಏಳು ಭಾಷೆಯಲ್ಲಿತ್ತು, ಏಳರಲ್ಲಿ ಒಂದೂ ಮೇಷ್ಟ್ರಿಗೆ ಬರುತ್ತಿರಲಿಲ್ಲ. ಅವರು ಚಿತ್ರ ನೋಡಿ ಅರ್ಥ ಮಾಡಿಕೊಂಡಿದ್ದರು. ಚಿತ್ರದಿಂದ ತಿಳಿಯದ್ದನ್ನು ಊಹಿಸಿದ್ದರು. ಊಹಿಸಿದ್ದನ್ನು ಹತ್ತು ಸಲ ಹೇಳಿದ ಮೇಲೆ ಅದು ಚರಿತ್ರೆಯಾಗಿತ್ತು.

ಆ ಪುಸ್ತಕ, ಆ ಡಬ್ಬಿ, ಆ ಗಡಿಯಾರ, ಮೂರೂ ಅವರ ಭಾವನವು. ಭಾವನೆಂದರೆ ತಂಗಿಯ ಗಂಡ. ಇವರು ಅವರನ್ನು ಭಾವ ಎನ್ನುತ್ತಿದ್ದರು, ಅವರು ಇವರನ್ನು ಭಾವ ಎನ್ನುತ್ತಿದ್ದರು. "ಭಾವ ಎಲ್ಲಿ?" ಎಂದು ಯಾರಾದರೂ ಕೇಳಿದರೆ ಇಬ್ಬರೂ ಓಗೊಡುತ್ತಿದ್ದರು. ನಾವು ಇಲ್ಲಿ ಭಾವ ಎನ್ನುವುದು ತಂಗಿಯ ಗಂಡನನ್ನು.

ಭಾವ ಬಂದರಿನ ಮುಳುಗುಗಾರ. ಹಡಗಿನ ಹೊಟ್ಟೆ ಕೆರೆಯುವುದು, ಕಳಚಿಬಿದ್ದ ಲಂಗರು ಹುಡುಕುವುದು, ಮುಳುಗಿದ ದೋಣಿಗೆ ಸರಪಳಿ ಬಿಗಿಯುವುದು ಅವರ ಕೆಲಸ. ಒಮ್ಮೆ ಒಂದು ಹಡಗಿನ ಪಂಖಕ್ಕೆ ಸುತ್ತಿಕೊಂಡಿದ್ದ ಹಗ್ಗವನ್ನು ಕೊಯ್ದು ಬಿಡಿಸಿದ್ದಕ್ಕೆ ಆ ಹಡಗಿನ ಕಪ್ತಾನ ತನ್ನ ಕೈಯಿಂದಲೇ ಆ ಸ್ವಿಸ್ ಗಡಿಯಾರ ಬಿಚ್ಚಿ ಕೊಟ್ಟಿದ್ದ, ಮರುದಿನ ಡಬ್ಬಿಯನ್ನೂ ಕಳಿಸಿದ್ದ. ಅವತ್ತಿನಿಂದ ಭಾವ ಅದಿಲ್ಲದೆ ನೀರಿಗಿಳಿದವರಲ್ಲ. ಎಷ್ಟು ಆಳಕ್ಕೆ ಎಷ್ಟು ನಿಮಿಷ ಎಂದು ಒಂದು ಲೆಕ್ಕವಿದೆಯಲ್ಲ, ಅದರ ಮೇಲೆ ಒಂದು ನಿಮಿಷ ಹೆಚ್ಚು ಅವರು ಇಪ್ಪತ್ತೆರಡು ವರ್ಷದಲ್ಲಿ ಕೆಳಗೆ ನಿಂತಿರಲಿಲ್ಲ. ಬಂದರಿನಲ್ಲಿ ಅವರ ಅಡ್ಡಹೆಸರೇ 'ನಿಮಿಷ'. ಹೊಸದಾಗಿ ಮುಳುಗುಗಾರರ ತರಬೇತಿ ಶಾಲೆ ತೆರೆಯುತ್ತೇವೆ, ನೀವೇ ಅದರ ಮುಖ್ಯ ಶಿಕ್ಷಕರು ಎಂದು ಬಂದರು ಕಚೇರಿಯವರು ಬಾಯಿಮಾತಿನಲ್ಲಿ ಹೇಳಿಯೂ ಆಗಿತ್ತು. ತಂಗಿ ಖುಷಿಯಿಂದ ಹೇಳಲು ಬಂದಾಗ ಮೇಷ್ಟ್ರು ನಕ್ಕಿದ್ದರು. ಮನೆಯಲ್ಲಿ ಇನ್ನೊಬ್ಬ ಮೇಷ್ಟ್ರು ಹುಟ್ಟುವುದು ಅವರಿಗೆ ಅಷ್ಟೇನೂ ರುಚಿಸಿರಲಿಲ್ಲ.

ಹೀಗಿರುವಾಗ ಗಡಿಯಾರದ ಗಾಜಿಗೆ ಗೀರು ಬಿತ್ತು. ತಂಗಿ ತಂದುಕೊಟ್ಟಳು.

"ಅಣ್ಣ, ನಾಳಿದ್ದು ಬೆಳಿಗ್ಗೆಗೆ ಬೇಕಂತೆ. ಗಾಜು ಮಾತ್ರ ಬದಲಾಯಿಸು ಅಂದಿದ್ದಾರೆ."

"ಮಾತ್ರ ಅಂದ್ರೆ?"

"ಮಾತ್ರ ಅಂದ್ರೆ ಮಾತ್ರ."

ಗಾಜು ಬದಲಾಯಿಸುವುದು ಮೇಷ್ಟ್ರಿಗೆ ನೀರು ಕುಡಿದಷ್ಟು ಸಲೀಸು. ಮುಗಿಯಿತು. ಆದರೆ ಕೈ ಸುಮ್ಮನಿರಬೇಕಲ್ಲ. ಗಾಜಿನ ಸುತ್ತ ನಿಮಿಷದ ಗೆರೆಗಳಿರುವ ಒಂದು ಬಳೆಯಿರುತ್ತದೆ, ತಿರುಗುವಂಥದ್ದು. ಮುಳುಗುವ ಮುಂಚೆ ಅದರ ಮೇಲಿನ ತ್ರಿಕೋನದ ಗುರುತನ್ನು ನಿಮಿಷದ ಮುಳ್ಳಿನ ನೇರಕ್ಕೆ ತಂದು ನಿಲ್ಲಿಸಿದರೆ, ಆಮೇಲೆ ಎಷ್ಟು ನಿಮಿಷ ಆಯಿತೆಂದು ಬಳೆಯೇ ತೋರಿಸುತ್ತದೆ. ಮೇಷ್ಟ್ರು ಅದನ್ನು ಎಡಕ್ಕೆ ತಿರುಗಿಸಿದರು. ಕ್ರಿಕ್ ಕ್ರಿಕ್ ಎಂದು ತಿರುಗಿತು. ಬಲಕ್ಕೆ ತಿರುಗಿಸಿದರು. ಜಪ್ಪಯ್ಯ ಅನ್ನಲಿಲ್ಲ.

ಇಷ್ಟು ವರ್ಷ ಈ ಗಡಿಯಾರವನ್ನು ಹತ್ತಾರು ಸಲ ಬಿಚ್ಚಿದ್ದರೂ ಅವರ ಆಸಕ್ತಿಯೆಲ್ಲ ಹೊಟ್ಟೆಯೊಳಗಿನ ಚಕ್ರಗಳ ಮೇಲೆ. ಬಳೆ ಅವರಿಗೆ ಮದುಮಗನ ಕಿವಿಯ ಕಡುಕಿದ್ದಂತೆ, ಅಲಂಕಾರ. ಆದರೆ ಅಲಂಕಾರವೇ ಆಗಲಿ, ಅರ್ಧ ಕೆಲಸ ಮಾಡುವ ವಸ್ತು ತಮ್ಮ ಅಂಗಡಿಯಿಂದ ಹೊರಗೆ ಹೋಗುವುದುಂಟೆ? ಪುಸ್ತಕ ತೆಗೆದು ನೋಡಿದರು. ಬಳೆಯ ಚಿತ್ರದ ಪಕ್ಕ ಒಂದೇ ಒಂದು ಬಾಣವಿತ್ತು. ಎರಡನೇ ಬಾಣ ಬರೆಯಲು ಜಾಗ ಸಾಲಲಿಲ್ಲವೇನೋ ಎಂದುಕೊಂಡರು.

ತೆಳುವಾದ ಚಾಕು ತೂರಿಸಿ ಬಳೆಯನ್ನು ಎಬ್ಬಿಸಿದರು. ಅಡಿಯಲ್ಲಿ ಉಗುರಿನಷ್ಟು ತಗಡಿನ ಒಂದು ಕೊಂಡಿ, ಓರೆ ಹಲ್ಲುಗಳಿಗೆ ತಗುಲಿಕೊಂಡು ಅಡ್ಡ ಮಲಗಿತ್ತು. "ಓಹೋ, ನೀನೋ!" ಎಂದು ಕಳ್ಳನನ್ನು ಹಿಡಿದವರಂತೆ ಅದನ್ನು ಚಿಮಟದಿಂದ ಎತ್ತಿದರು. ಏನನ್ನೂ ಎಸೆಯುವ ಸ್ವಭಾವ ಅವರದಲ್ಲ, ಪುಟ್ಟ ಸೀಸೆಗೆ ಹಾಕಿಟ್ಟರು. ಅದರ ಜಾಗಕ್ಕೆ ತೆಳು ಪ್ಲಾಸ್ಟಿಕ್ಕಿನ ಉಂಗುರ ಕತ್ತರಿಸಿ ಕೂರಿಸಿ, ಒಂದು ತೊಟ್ಟು ಎಣ್ಣೆ ಬಿಟ್ಟು ಬಳೆ ಒತ್ತಿದರು. ಈಗ ಎಡಕ್ಕೂ ತಿರುಗಿತು, ಬಲಕ್ಕೂ ತಿರುಗಿತು, ಬೆಣ್ಣೆಯಂತೆ. ಸ್ವಿಸ್ಸಿನವರಿಗೇ ಕಾಣದ ಒಂದು ಕುಂದನ್ನು ಬಂದರಿನ ಗೇಟಿನೆದುರಿನ ಒಬ್ಬ ಮನುಷ್ಯ ಸರಿಪಡಿಸಿದ್ದ! ಮೇಷ್ಟ್ರಿಗೆ ಅಂದು ಚಹಾವೂ ಎಂದಿಗಿಂತ ಸಿಹಿಯಾಗಿತ್ತು.

ತಂಗಿ ಬಂದಾಗ ಅವಳಿಗೆ ಹೇಳಲಿಲ್ಲ. ಭಾವ ತಾವಾಗಿಯೇ ಕಂಡು ಬೆರಗಾಗಿ ಓಡಿಬರಲಿ, ಆಗ ಸಾವಕಾಶವಾಗಿ ಪಾಠ ಮಾಡಿದರಾಯಿತು ಎಂದುಕೊಂಡರು.

ಭಾವ ಓಡಿಬರಲಿಲ್ಲ. ಇನ್ನೆಂದೂ ಓಡಲಿಲ್ಲ.

ಬಂದರಿನ ಬಾಯಲ್ಲಿ ಮುಳುಗಿದ್ದ ಒಂದು ಸರಕಿನ ದೋಣಿಗೆ ಉಕ್ಕಿನ ಹಗ್ಗ ಕಟ್ಟುವ ಕೆಲಸ ಅವತ್ತು. ಮೂವತ್ತು ಮೀಟರ್ ಆಳ, ಇಪ್ಪತ್ತೈದು ನಿಮಿಷದ ಮಿತಿ. ಭಾವ ರೂಢಿಯಂತೆ, ದಪ್ಪ ಕೈಗವಸಿನ ಬೆರಳಲ್ಲಿ, ಎಡಕ್ಕೆ ತಿರುಗಿಸಿ ಬಳೆ ಕೂಡಿಸಿಕೊಂಡು ಇಳಿದರು. ಕೆಳಗೆ ಕತ್ತಲು, ಕೆಸರು, ತುಕ್ಕು ಹಿಡಿದ ಕಬ್ಬಿಣ. ಹಗ್ಗ ತೂರಿಸುವಾಗ ಮಣಿಕಟ್ಟು ಎಲ್ಲೆಲ್ಲಿ ಉಜ್ಜಿತೋ, ಬಳೆ ಎಷ್ಟು ಸಲ ಸರಿಯಿತೋ ಯಾರಿಗೆ ಗೊತ್ತು. ಅವರು ನೋಡಿದಾಗಲೆಲ್ಲ ಗಡಿಯಾರ ಇನ್ನೂ ಹೊತ್ತಿದೆ ಎಂದಿತು. ಇಪ್ಪತ್ತಮೂರು ಎಂದು ಓದಿ ಮೇಲಕ್ಕೆ ಹೊರಟಾಗ ನಿಜವಾಗಿ ಮೂವತ್ತಾರು ಆಗಿತ್ತು.

ಅಷ್ಟು ಆಳದಲ್ಲಿ ಹೆಚ್ಚು ಹೊತ್ತು ನಿಂತವರ ರಕ್ತದಲ್ಲಿ ಗಾಳಿ ಕರಗಿ ಕೂತಿರುತ್ತದೆ. ಹಂತಹಂತವಾಗಿ ನಿಂತು ನಿಂತು ಬರದೆ ಒಮ್ಮೆಗೇ ಬಂದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆ ಏಳುತ್ತದೆ. ಮೇಲೆ ಕಾದಿದ್ದ ದೋಣಿ ಹತ್ತಿ ಕೂತ ಭಾವ ಹತ್ತು ನಿಮಿಷದ ಮೇಲೆ ಏಳಲು ಹೋದರು. ಕಾಲು ಏಳಲಿಲ್ಲ. ಗುಳ್ಳೆಯನ್ನು ಮತ್ತೆ ಕರಗಿಸುವ ಒತ್ತಡದ ಕೋಣೆಯಿದ್ದ ಆಸ್ಪತ್ರೆ ಆರು ಗಂಟೆಯ ದಾರಿ. ಎರಡು ತಿಂಗಳ ನಂತರ ಮನೆಗೆ ಬಂದಾಗ ಬಲಗಾಲು ಹೇಗೋ ನೆಲಕ್ಕೆ ಊರುತ್ತಿತ್ತು, ಎಡಗಾಲನ್ನು ಚೀಲದಂತೆ ಎಳೆದುಕೊಂಡು ಬರಬೇಕಿತ್ತು.

ಕಚೇರಿಯವರು ಮೂವರ ಸಮಿತಿ ಮಾಡಿದರು. ಮೂವರಲ್ಲಿ ಒಬ್ಬನೂ ಸ್ನಾನದ ಬಕೆಟ್ಟಿಗಿಂತ ಆಳದ ನೀರು ಕಂಡವನಲ್ಲ. ಅವರ ಮುಂದಿದ್ದ ಪ್ರಶ್ನೆ ಇಷ್ಟೆ: ಕಾದಿದ್ದ ದೋಣಿಯ ದಾಖಲೆ ಪುಸ್ತಕದಲ್ಲಿ ಮೂವತ್ತಾರು ನಿಮಿಷ ಎಂದಿದೆ, ಮುಳುಗುಗಾರ ಇಪ್ಪತ್ತಮೂರು ಎನ್ನುತ್ತಾನೆ. ಗಡಿಯಾರದ ತಪ್ಪೋ, ಮನುಷ್ಯನದೋ? ಶಾಲೆಯ ಮಾತೂ ಅದಕ್ಕೇ ಗಂಟು ಬಿದ್ದಿತ್ತು. ಕಲಿಸುವವನಿಗೆ ಕಾಲು ಕುಂಟಾದರೆ ನಡೆಯುತ್ತದೆ, ಎಚ್ಚರ ಕುಂಟಾದರೆ ನಡೆಯುವುದಿಲ್ಲ ಎಂದು ಕಚೇರಿಯವರು ಖಡಾಖಂಡಿತ ಹೇಳಿದ್ದರು.

ಭಾವನ ಗಡಿಯಾರವನ್ನು ಆಸ್ಪತ್ರೆಯಲ್ಲೇ ಬಿಚ್ಚಿ ಕಚೇರಿಗೆ ಒಪ್ಪಿಸಿದ್ದರು. ಸಮಿತಿ ಅದನ್ನು ಪರೀಕ್ಷೆಗೆ ಕಳಿಸಿತು. ಎಲ್ಲಿಗೆ? ಊರಿನಲ್ಲಿ ಸ್ವಿಸ್ ವಾಚ್ ತಜ್ಞರು ಎಂದು ಬೋರ್ಡು ಹಾಕಿಕೊಂಡವರು ಇದ್ದದ್ದು ಒಬ್ಬರೇ.

ಲಕ್ಕೋಟೆ ತಂದವನು ಹಗ್ಗದಜ್ಜ. ಭಾವ ಇಳಿದಾಗಲೆಲ್ಲ ದೋಣಿಯಲ್ಲಿ ಕೂತು ಅವರ ಸೊಂಟದ ಹಗ್ಗ ಹಿಡಿಯುತ್ತಿದ್ದ ಮುದುಕ, ಹಳೆಯ ಮುಳುಗುಗಾರ. ಅರಗಿನ ಮುದ್ರೆಯ ಲಕ್ಕೋಟೆಯನ್ನು ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕುಸಿದ.

"ಇಪ್ಪತ್ತೈದಾದಾಗ ಹಗ್ಗ ಎಳೆದೆ ಮೇಷ್ಟ್ರೇ. 'ಸರಿಯಿದೆ' ಅಂತ ಒಂದು ಎಳೆತ ವಾಪಸ್ ಬಂತು. ಮೂವತ್ತಕ್ಕೆ ಮತ್ತೆ ಎಳೆದೆ. ಮತ್ತೆ 'ಸರಿಯಿದೆ'. ನಮ್ಮ ದೋಣಿ ಗಡಿಯಾರ ತಗಡಿಂದು, ಅವನದು ಸ್ವಿಸ್. ನಮ್ಮದೇ ಮುಂದೆ ಓಡ್ತಿದೆ ಅಂದ್ಕೊಂಡು ಸುಮ್ಮನಾದೆ. ನೀವೇ ಅಲ್ವಾ ಹೇಳ್ತಿದ್ದಿದ್ದು, ಸೂರ್ಯ ತಪ್ಪಿದ್ರೂ ಸ್ವಿಸ್ ತಪ್ಪಲ್ಲ ಅಂತ?"

"ಹೇಳ್ತಿದ್ದೆ," ಎಂದರು ಮೇಷ್ಟ್ರು.

"ನಿಮ್ಮ ಪಾಠದಲ್ಲಿ ಬಳೆ ಕಥೆ ಮಾತ್ರ ಬರೋದೇ ಇಲ್ಲ ನೋಡಿ. ಹಳೇ ಕಾಲದ ಡೈವಿಂಗ್ ವಾಚಲ್ಲಿ ಬಳೆ ಎರಡೂ ಕಡೆ ತಿರುಗ್ತಿತ್ತು. ನನಗೆ ಕೆಲಸ ಕಲಿಸಿದವನ ಹತ್ರ ಅಂಥದ್ದಿತ್ತು. ನೀರೊಳಗೆ ಏನಾದ್ರೂ ತಾಗಿ ಬಳೆ ಮುಂದಕ್ಕೆ, ಅಂದ್ರೆ ಬಲಕ್ಕೆ ಸರೀತೋ, ಕಥೆ ಮುಗೀತು. 'ಇನ್ನೂ ಟೈಮಿದೆ, ಇರಪ್ಪ' ಅನ್ನುತ್ತೆ. ಆಮೇಲೆ ಬುದ್ಧಿ ಬಂತು, ಒಳಗೊಂದು ಕೊಂಡಿ ಹಾಕಿದ್ರು, ಹಿಂದಕ್ಕೆ ಮಾತ್ರ ತಿರುಗೋ ಹಾಗೆ. ಈಗ ತಾಗಿದ್ರೂ ಹದಿನೈದನ್ನ ಇಪ್ಪತ್ತು ಅನ್ನುತ್ತೆ, ಹೆದರಿ ಬೇಗ ಮೇಲೆ ಬರ್ತೀವಿ. ಹೆದರಿಸೋ ಸುಳ್ಳು ಪರವಾಗಿಲ್ಲ ಮೇಷ್ಟ್ರೇ. ಸಮಾಧಾನ ಹೇಳೋ ಸುಳ್ಳೇ ಕೊಲ್ಲೋದು."

ಮೇಷ್ಟ್ರು ಲಕ್ಕೋಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ನಮ್ಮ ಭಾವನದು?"

"ಅವನದೂ ಒಂದೇ ಕಡೆದೇ. ಅದಕ್ಕೇ ತಲೆ ಕೆಟ್ಟಿರೋದು ನನಗೆ. ಗಡಿಯಾರ ಸರಿ ಇದ್ರೆ ಅವನೇ ತಪ್ಪು ನೋಡಿರ್ಬೇಕು. ನಿಮಿಷ ತಪ್ಪು ನೋಡ್ತಾನಾ? ನಂಬೋಕಾಗಲ್ಲ." ಮುದುಕ ಕಣ್ಣೊರೆಸಿಕೊಂಡು ಎದ್ದುಹೋದ.

ಮಧ್ಯಾಹ್ನವಾಗಿತ್ತು. ಮೇಷ್ಟ್ರು ಶಟರನ್ನು ಅರ್ಧಕ್ಕೆಳೆದು ಮುದ್ರೆ ಒಡೆದರು. ಗಡಿಯಾರ ಅಂಗೈಯಲ್ಲಿ ತಣ್ಣಗೆ ಕೂತಿತು. ಬಳೆಯನ್ನು ಬಲಕ್ಕೆ ತಿರುಗಿಸಿದರು. ಬೆಣ್ಣೆ.

ಪತ್ರದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: 'ಸದರಿ ಗಡಿಯಾರವು ಸರಿಯಾದ ಸಮಯವನ್ನು ತೋರಿಸುತ್ತದೆಯೇ, ದೋಷವೇನಾದರೂ ಇದೆಯೇ?' ಸಮಯ? ದಿನಕ್ಕೆ ನಾಲ್ಕು ಸೆಕೆಂಡು ಮುಂದೆ, ಅಷ್ಟೆ. ದೋಷ? ಮೇಷ್ಟ್ರು ಪೆನ್ನು ಎತ್ತಿಕೊಂಡರು, ಕೆಳಗಿಟ್ಟರು. 'ಬಳೆಯ ಕೊಂಡಿಯನ್ನು ಯಾರೋ ತೆಗೆದಿದ್ದಾರೆ' ಎಂದು ಬರೆದರೆ ಯಾರು ಎಂದು ಕೇಳುತ್ತಾರೆ. ಈ ಗಡಿಯಾರವನ್ನು ಮುಟ್ಟಿದ ಕೈ ಲೋಕದಲ್ಲಿ ಒಂದೇ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದ ಅಗತ್ಯವೂ ಇರಲಿಲ್ಲ, ಕುಂಬಳಕಾಯಿ ಹೆಗಲ ಮೇಲೇ ಇತ್ತು.

ಆಮೇಲೆ ಅವರು ಮಾಡಿದ್ದು ಏಕೆ ಮಾಡಿದರೆಂದು ಅವರಿಗೇ ಎಂದೂ ಸ್ಪಷ್ಟವಾಗಲಿಲ್ಲ. ಹೆದರಿಕೆಯಿಂದ ಎನ್ನಬಹುದು. ಆದರೆ ಅದಕ್ಕಿಂತ ಮುಂಚೆ ಕೈಯ ಚಟವಿತ್ತು. ತಪ್ಪಾಗಿ ಜೋಡಿಸಿದ ಗಡಿಯಾರವನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಕೂರುವುದು ಮೂವತ್ತು ವರ್ಷದಲ್ಲಿ ಅವರಿಂದ ಆಗಿರಲಿಲ್ಲ. ಸೀಸೆ ಬಗ್ಗಿಸಿದರು. ಕೊಂಡಿ ಅಲ್ಲೇ ಇತ್ತು. ಪ್ಲಾಸ್ಟಿಕ್ ಉಂಗುರ ಕಿತ್ತು, ಎಣ್ಣೆ ಒರೆಸಿ, ಕೊಂಡಿಯನ್ನು ಅದರ ಹಳ್ಳದಲ್ಲಿ ಮಲಗಿಸಿ ಬಳೆ ಒತ್ತಿದರು. ಟಕ್. ಎಡಕ್ಕೆ ಕ್ರಿಕ್ ಕ್ರಿಕ್. ಬಲಕ್ಕೆ ಜಪ್ಪಯ್ಯ ಅನ್ನಲಿಲ್ಲ. ಇಂಥ ಅಚ್ಚುಕಟ್ಟಾದ ಕೆಲಸ ಅವರ ಜೀವಮಾನದಲ್ಲಿ ಇನ್ನೊಂದಿರಲಿಲ್ಲ. ಆಗ ಬರೆದರು: 'ಗಡಿಯಾರ ಸುಸ್ಥಿತಿಯಲ್ಲಿದೆ. ಯಾವುದೇ ದೋಷವಿಲ್ಲ.' ಅಡಿಯಲ್ಲಿ ಸಹಿ, ಸಹಿಯಡಿ ಠಸ್ಸೆ: ಸ್ವಿಸ್ ವಾಚ್ ತಜ್ಞರು. ಬರೆದ ಹೊತ್ತಿನಲ್ಲಿ ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಸಮಿತಿ ಭಾವನಿಗೆ ಬರೆ ಎಳೆಯಿತು. 'ಮುಳುಗುಗಾರನ ಅಜಾಗರೂಕತೆ.' ಶಾಲೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಗಡಿಯಾರವನ್ನು ಭಾವನಿಗೆ ಹಿಂದಿರುಗಿಸಿದರು.

ಭಾವ ಸಿಟ್ಟಾಗಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಕೂಗಾಡಲಿಲ್ಲ. "ಗಡಿಯಾರದಲ್ಲಿ ದೋಷ ಇಲ್ಲ ಅಂತ ನೀವೇ ಬರೆದ ಮೇಲೆ ಇನ್ನೇನಿದೆ ಭಾವ? ಕಣ್ಣು ನನ್ನದೇ, ನೋಡಿದ್ದು ನಾನೇ" ಎಂದು ಒಪ್ಪಿಕೊಂಡುಬಿಟ್ಟರು. ಒಪ್ಪಿಕೊಂಡದ್ದು ಬಾಯಲ್ಲಿ ಮಾತ್ರವಲ್ಲ. ಸ್ಟವ್ ಆರಿಸಿದೆನೋ ಇಲ್ಲವೋ ಎಂದು ನಾಲ್ಕು ಸಲ ಹೋಗಿ ನೋಡತೊಡಗಿದರು. ಬೀಗ ಹಾಕಿ ಎಳೆದು, ಹತ್ತು ಹೆಜ್ಜೆ ಹೋಗಿ, ಕಾಲು ಎಳೆದುಕೊಂಡು ವಾಪಸ್ ಬಂದು ಮತ್ತೆ ಎಳೆಯತೊಡಗಿದರು. ಕೈಯಲ್ಲಿ ಸ್ವಿಸ್ ಗಡಿಯಾರ ಕಟ್ಟಿಕೊಂಡು ಹೆಂಡತಿಯನ್ನು "ಟೈಮ್ ಎಷ್ಟಾಯ್ತು ನೋಡು, ನಾನು ನೋಡಿದ್ರೆ ತಪ್ಪಾಗುತ್ತೆ" ಎಂದು ಕೇಳುತ್ತಿದ್ದರು.

ಹೊತ್ತು ಕಳೆಯಲು ಅವರಿಗೆ ಸಿಕ್ಕಿದ ಜಾಗ ಯಾವುದು? ಮೇಷ್ಟ್ರ ಅಂಗಡಿಯ ಸ್ಟೂಲು. ಬೆಳಿಗ್ಗೆ ಹತ್ತಕ್ಕೆ ಬರುವರು, ಕೋಲು ಗೋಡೆಗೊರಗಿಸಿ ಕೂರುವರು, ಸಂಜೆಗೆ ಏಳುವರು. ಪಾಠ ನಿಂತುಹೋಯಿತು. ಗಿರಾಕಿಗಳಿಗೆ ಮೊದಮೊದಲು ನೆಮ್ಮದಿ, ಆಮೇಲೆ ಕಸಿವಿಸಿ. "ಮೇಷ್ಟ್ರಿಗೆ ಹುಷಾರಿಲ್ವಾ?" ಎಂದು ಚಹಾದವನು ಕೇಳಿದ. "ಹೇಳಿ ಭಾವ, ಆ ಕಾರ್ಖಾನೆ ಯಜಮಾನನ ಕಥೆ ಹೇಳಿ," ಎಂದು ಭಾವನೇ ಒತ್ತಾಯಿಸುತ್ತಿದ್ದರು. ಮೇಷ್ಟ್ರು "ಗಂಟಲು ಸರಿಯಿಲ್ಲ ಭಾವ" ಎನ್ನುತ್ತಿದ್ದರು. ಮೂರು ವರ್ಷ ಅವರ ಗಂಟಲು ಸರಿಯಾಗಲಿಲ್ಲ.

ತರಬೇತಿ ಶಾಲೆ ಕೊನೆಗೂ ತೆರೆಯಿತು, ಬೇರೆ ಶಿಕ್ಷಕರೊಂದಿಗೆ. ಒಂದು ಬೆಳಿಗ್ಗೆ ಭಾವ ನಗುತ್ತಲೇ ಒಳಗೆ ಬಂದರು.

"ಭಾವ, ಸುದ್ದಿ ಗೊತ್ತಾ? ನಾನು ಶಾಲೆಗೆ ಸೇರಿದೆ."

"ಏನು? ಕರೆದ್ರಾ?"

"ಕರೆಯೋದೇನು, ಪಾಠವಾಗಿ ಸೇರಿದ್ದೀನಿ. ಮೊದಲನೇ ದಿನದ ಮೊದಲನೇ ಪಾಠವೇ ನನ್ನದಂತೆ. 'ಗಡಿಯಾರ ಇದ್ದೂ ನೋಡಲು ಬಾರದ ನಿಮಿಷ.' ಹಗ್ಗದಜ್ಜ ಕೇಳ್ಕೊಂಡು ಬಂದು ಹೇಳಿದ. ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರಂತೆ." ಭಾವ ಇನ್ನೂ ನಗುತ್ತಿದ್ದರು. ಕೋಲನ್ನು ಗೋಡೆಗೊರಗಿಸುವುದನ್ನು ಮಾತ್ರ ಮರೆತಿದ್ದರು.

ಮೇಷ್ಟ್ರು ಚಿಮಟ ಕೆಳಗಿಟ್ಟರು. ಮೂರು ವರ್ಷ ನುಂಗಲೂ ಆಗದೆ ಉಗುಳಲೂ ಆಗದೆ ಇದ್ದದ್ದನ್ನು ಒಂದೇ ಉಸಿರಿನಲ್ಲಿ ಉಗುಳಿದರು. ಬಳೆ ಒಂದೇ ಕಡೆ ತಿರುಗುವುದನ್ನು ಕಾಯಿಲೆ ಎಂದುಕೊಂಡದ್ದು, ಕೊಂಡಿ ತೆಗೆದದ್ದು, ಪ್ಲಾಸ್ಟಿಕ್ ಹಾಕಿದ್ದು, ಹಗ್ಗದಜ್ಜ ಹೇಳಿದ ಮೇಲೆ ತಿರುಗಿ ಕೊಂಡಿ ಕೂರಿಸಿದ್ದು, ಕಾಗದ ಬರೆದದ್ದು. "ನೀವು ಸರಿಯಾಗೇ ನೋಡಿದ್ರಿ ಭಾವ. ಗಡಿಯಾರ ಸುಳ್ಳು ಹೇಳ್ತು. ಅದಕ್ಕೆ ಸುಳ್ಳು ಕಲಿಸಿದ್ದು ನಾನು."

ಭಾವ ಗಡಿಯಾರ ಬಿಚ್ಚಿ ಬಳೆಯನ್ನು ಎಡಕ್ಕೆ ತಿರುಗಿಸಿದರು. ಬಲಕ್ಕೆ ಒತ್ತಿದರು. ಹೆಬ್ಬೆರಳು ಬಿಳಿಚಿಕೊಳ್ಳುವವರೆಗೆ ಒತ್ತಿದರು. ಅದು ಅಲುಗಲಿಲ್ಲ.

"ಎಲ್ಲಿ ತಿರುಗುತ್ತೆ ಭಾವ?"

"ನಾನೇ ಸರಿ ಮಾಡಿದೆ ಅಂತ ಹೇಳಿದ್ನಲ್ಲ!"

"ಎಷ್ಟು ದಿನದಿಂದ ಯೋಚಿಸಿ ಕಟ್ಟಿದ ಕಥೆ ಇದು?" ಭಾವನ ಕಣ್ಣು ತುಂಬಿತು. "ನನ್ನ ಮುಖ ನೋಡೋಕಾಗದೆ ಹೇಳ್ತಿದ್ದೀರಿ. ಮೂವತ್ತು ವರ್ಷ ಈ ಕೆಲಸ ಮಾಡಿದವರು ನೀವು, ಬಳೆ ಯಾಕೆ ಒಂದೇ ಕಡೆ ತಿರುಗುತ್ತೆ ಅಂತ ಗೊತ್ತಿರಲಿಲ್ಲ ಅಂದ್ರೆ ಯಾರು ನಂಬ್ತಾರೆ? ನೀವು ಸ್ವಿಸ್ ಮೇಷ್ಟ್ರು!"

ಮೇಷ್ಟ್ರು ಜೀವಮಾನವಿಡೀ ಕಟ್ಟಿಕೊಂಡ ದೊಡ್ಡಸ್ತಿಕೆ ಹೀಗೆ ಅವರ ಮೇಲೇ ಗೋಡೆಯಾಗಿ ಬಿತ್ತು. ತಮಗೆ ಗೊತ್ತಿರಲಿಲ್ಲ ಎಂದು ಆಣೆಯಿಟ್ಟು ಹೇಳಿದರು. ಕೇಳಿದವರಿಗೆ ಅದು ವಿನಯವಾಗಿ ಕೇಳಿಸಿತು. ಬಂದರು ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿ ಫೈಲು ತೆಗೆದು ಅವರದೇ ಕಾಗದ, ಅವರದೇ ಸಹಿ, ಅವರದೇ ಠಸ್ಸೆ ತೋರಿಸಿದ.

"ಇದು ನಿಮ್ಮದೇ ತಾನೆ?"

"ನನ್ನದೇ. ಆದರೆ..."

"ಸಂಬಂಧಿಕರ ಮೇಲೆ ಇಷ್ಟು ಪ್ರೀತಿ ಇರೋದು ಅಪರೂಪ ಮೇಷ್ಟ್ರೇ. ಆದರೆ ಫೈಲಿಗೆ ಪ್ರೀತಿ ಅರ್ಥ ಆಗಲ್ಲ. ಚಹಾ ಕುಡೀತೀರಾ?"

ಹಗ್ಗದಜ್ಜನ ಬಳಿಗೂ ಹೋದರು. ಅವನು ಅವರ ಎರಡೂ ಕೈ ಹಿಡಿದುಕೊಂಡ. "ಬಳೆ ಕಥೆ ನಾನೇ ನಿಮಗೆ ಹೇಳಿದ್ದಲ್ವಾ ಮೇಷ್ಟ್ರೇ? ಅದನ್ನೇ ತಿರುವಿ ಭಾವನ ಜೀವಕ್ಕೆ ತಂಪು ಮಾಡೋಕೆ ನೋಡಿದ್ರಿ. ನೀವು ದೊಡ್ಡವರು."

ವಾರದೊಳಗೆ ಬಂದರಿಗೆಲ್ಲ ಸುದ್ದಿಯಾಯಿತು. ತಂಗಿಯ ಗಂಡನ ಹೆಸರುಳಿಸಲು ತನ್ನ ಹೆಸರನ್ನೇ ಮಣ್ಣುಪಾಲು ಮಾಡಿಕೊಳ್ಳಲು ಹೊರಟ ಮನುಷ್ಯ! ಚಹಾದ ಅಂಗಡಿಯವನು ದುಡ್ಡು ತೆಗೆದುಕೊಳ್ಳಲಿಲ್ಲ. ಪಾಠಕ್ಕೆ ಹೆದರಿ ದೂರ ಓಡುತ್ತಿದ್ದವರು ಈಗ ಬೀದಿ ದಾಟಿ ಬಂದು ನಮಸ್ಕಾರ ಹೇಳಿದರು. ಮೂವತ್ತು ವರ್ಷ ಬಾಯಿ ನೋಯಿಸಿಕೊಂಡರೂ ದಕ್ಕದ ಗೌರವ ಒಂದು ವಾರದಲ್ಲಿ ದಕ್ಕಿತ್ತು. ಇನ್ನು ಬೋರ್ಡಿನ ಬಹುವಚನಕ್ಕೆ ಯಾರ ತಕರಾರೂ ಇರಲಿಲ್ಲ.

ತಂಗಿ ಬಂದದ್ದು ಅದರ ನಂತರ, ಭಾವ ವೈದ್ಯರ ಬಳಿಗೆ ಹೋಗಿದ್ದ ಒಂದು ಮಧ್ಯಾಹ್ನ. ಸ್ಟೂಲಿನ ಮೇಲೆ ಕೂರಲಿಲ್ಲ, ಬಾಗಿಲಲ್ಲೇ ನಿಂತಳು.

"ಅಣ್ಣ, ನೀನು ಹೇಳಿದ್ದು ನಿಜ ತಾನೆ?"

"ನಿಜ. ಯಾರೂ ನಂಬಲ್ಲ."

"ನಾನು ನಂಬ್ತೀನಿ." ಅವಳ ಧ್ವನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಚಿಕ್ಕವಳಿದ್ದಾಗ ನನ್ನ ಗೊಂಬೆ ಕತ್ತು ಪೂರ್ತಿ ತಿರುಗಲ್ಲ ಅಂತ ನೀನು ಸರಿ ಮಾಡಿಕೊಟ್ಟೆ. ಆಮೇಲೆ ಅದರ ತಲೆ ನಿಲ್ಲಲೇ ಇಲ್ಲ. ಅಪ್ಪ ಕೇಳಿದಾಗ ನಾನೇ ಕೆಡಿಸಿದೆ ಅಂತ ಏಟು ತಿಂದೆ. ನೀನು ಪಕ್ಕದಲ್ಲೇ ನಿಂತಿದ್ದೆ."

ಮೇಷ್ಟ್ರಿಗೆ ಅದು ನೆನಪೇ ಇರಲಿಲ್ಲ. ಏಟು ತಿನ್ನದವರಿಗೆ ಇಂಥವು ನೆನಪಿರುವುದಿಲ್ಲ.

"ಹಾಗಾದ್ರೆ ನೀನಾದ್ರೂ ಭಾವನಿಗೆ ಹೇಳು. ನೀನು ಹೇಳಿದ್ರೆ ನಂಬ್ತಾರೆ. ಅವರ ಕಣ್ಣು ತಪ್ಪಿರಲಿಲ್ಲ ಅಂತ ಗೊತ್ತಾಗ್ಲಿ."

"ಹೇಳಲ್ಲ. ನೀನೂ ಇನ್ನು ಹೇಳಕೂಡದು."

"ಯಾಕೆ?"

"ಹೇಳಬೇಕಾದ ದಿನ ಇತ್ತು. ಅವತ್ತು ಹೇಳಿದ್ರೆ ಶಾಲೆ ಇತ್ತು, ಹೆಸರಿತ್ತು. ಈಗ ಏನು ಬರುತ್ತೆ? ಮೂರು ವರ್ಷದಲ್ಲಿ ಮೊದಲನೇ ಸಲ ಹೋದ ವಾರ ಅವರು ಹೊಟ್ಟೆ ತುಂಬ ಉಂಡ್ರು. 'ನನಗೋಸ್ಕರ ಸುಳ್ಳು ಹೇಳೋನೂ ಒಬ್ಬ ಇದ್ದಾನಲ್ಲೇ' ಅಂತ ನಿನ್ನ ಹೊಗಳಿದ್ದೇ ಹೊಗಳಿದ್ದು. ಕಾಲು ಹೋಯ್ತು, ಕೆಲಸ ಹೋಯ್ತು, ತನ್ನ ಮೇಲಿನ ನಂಬಿಕೆ ಹೋಯ್ತು. ಅವರಿಗೆ ಉಳಿದಿರೋದು ನೀನು ಒಳ್ಳೆಯವನು ಅನ್ನೋದೊಂದೇ. ದಯವಿಟ್ಟು ಅದನ್ನೂ ಸರಿ ಮಾಡೋಕೆ ಹೋಗ್ಬೇಡ."

"ತಂಗೀ..."

"ನಾನು ಇನ್ನು ಈ ಮೆಟ್ಟಿಲು ಹತ್ತಲ್ಲ. ಅವರು ಕೇಳಿದ್ರೆ ಮಂಡಿನೋವು ಅಂತೀನಿ. ನೀನೂ ಹಾಗೇ ಹೇಳು."

ಅವಳು ಹೋದಳು. ಅವಳು ಹಗ್ಗದ ಅಂಗಡಿಯ ಮೂಲೆ ತಿರುಗುವವರೆಗೂ ಮೇಷ್ಟ್ರು ನೋಡಿದರು. ಅವಳು ತಿರುಗಿ ನೋಡಲಿಲ್ಲ.

ಮರುದಿನ ಹತ್ತಕ್ಕೆ ಸರಿಯಾಗಿ ಭಾವ ಬಂದರು. ಹಡಗಿನಿಂದಿಳಿದ ಯಾರೋ ಒಬ್ಬ ಹೊಸಬ ಗಡಿಯಾರಕ್ಕೆ ಪಟ್ಟಿ ಹಾಕಿಸಿಕೊಳ್ಳಲು ಬಂದಿದ್ದ. ಭಾವ ಅವನನ್ನು ಬಿಡಲಿಲ್ಲ. ಮೊದಲಿನಿಂದ ಕೊನೆಯವರೆಗೆ, ದೋಣಿ, ಬಳೆ, ಕೊಂಡಿ, ಸೀಸೆ, ಒಂದೂ ತಪ್ಪದಂತೆ ಹೇಳಿದರು. ಹೊಸಬ ಬಾಯಿ ಬಿಟ್ಟುಕೊಂಡು ಕೇಳಿದ.

"ಇಂಥವರನ್ನ ಎಲ್ಲಾದ್ರೂ ನೋಡಿದ್ದೀರಾ? ನನ್ನ ತಪ್ಪನ್ನ ತಲೆ ಮೇಲೆ ಹೊತ್ಕೊಂಡು ಕಚೇರಿವರೆಗೂ ಹೋದ್ರು!" ಭಾವ ಮೇಷ್ಟ್ರ ಭುಜ ತಟ್ಟಿದರು. "ಈಗ ಎಲ್ಲ ಮುಗೀತಲ್ಲ, ಇವರ ಮುಂದೆ ಒಂದ್ಸಲ ಒಪ್ಕೊಂಡ್ಬಿಡಿ ಭಾವ. ಹೇಳಿದ್ದೆಲ್ಲ ಸುಳ್ಳು ತಾನೆ?"

ಮೇಷ್ಟ್ರು ಹೊಸಬನ ಗಡಿಯಾರಕ್ಕೆ ಪಟ್ಟಿಯ ಕಡ್ಡಿ ಸಿಕ್ಕಿಸುತ್ತಿದ್ದರು. ಎರಡು ಸಲ ಜಾರಿತು. ಮೂರನೇ ಸಲ ಕೂತಿತು.

"ಹೌದು ಭಾವ," ಎಂದರು. "ಸುಳ್ಳೇ."